ಹೆಸರು ಕೊಡದ ಮಕ್ಕಳು

ದೀಪಾವಳಿ ಮುಗಿದು ಸಕ್ಕರೆ ಕಾರ್ಖಾನೆಗಳ ಚಿಮಣಿ ಹೊಗೆಯಾಡತೊಡಗಿತೆಂದರೆ ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಶಾಲೆಗಳಲ್ಲಿ ಟ್ರಿಪ್ಪಿನ ಮಾತು, ಗ್ಯಾದರಿಂಗ್ ಎನ್ನುವ ವಾರ್ಷಿಕೋತ್ಸವದ ಮಾತು ಶುರುವಾಗುತ್ತದೆ. ತರಗತಿಯಲ್ಲಿ ಹೆಸರು ಕೇಳುತ್ತಾರೆ. ಡ್ಯಾನ್ಸಿಗೆ ಯಾರು, ನಾಟಕಕ್ಕೆ ಯಾರು, ಹಂಪಿಗೆ ಬರುವವರು ಯಾರು? ಕೈಗಳು ಮೇಲೇಳುತ್ತವೆ, ಮಾಸ್ತರರು ಬರೆದುಕೊಳ್ಳುತ್ತಾರೆ. ಅದೇ ಬೆಂಚುಗಳಲ್ಲಿ ಕೈ ಎತ್ತದೆ ಕೂತ ನಾಲ್ಕಾರು ಮಕ್ಕಳಿರುತ್ತಾರೆ. ಕೇಳಿದರೆ ಅವರ ಬಳಿ ಕಾರಣ ಸಿದ್ಧವಾಗಿರುತ್ತದೆ. ‘ನನಗ ಬಸ್ಸಿನ್ಯಾಗ ವಾಂತಿ ಆಗ್ತೈತ್ರಿ ಸರ್’ ಎನ್ನುವ ಹುಡುಗ ಕಬ್ಬಿನ ಟ್ರ್ಯಾಕ್ಟರಿನ ಮೇಲೆ ಕೂತು ಕಾರ್ಖಾನೆಯವರೆಗೂ ಹೋಗಿ ಬರುವವನೇ. ‘ಕುಣಿಯಾಕ ನಾಚಿಕಿ ಬರ್ತೈತ್ರಿ’ ಎಂದ ಹುಡುಗಿ ಊಟದ ಬಿಡುವಿನಲ್ಲಿ ಗೆಳತಿಯರಿಗೆ ಹೆಜ್ಜೆ ಹೇಳಿಕೊಡುತ್ತಿರುತ್ತಾಳೆ.

ಇವು ಸುಳ್ಳುಗಳೇ. ಆದರೆ ಅವ್ವ-ಅಪ್ಪನ ಮಾನ ಕಾಯುವ ಸುಳ್ಳುಗಳು. ಟ್ರಿಪ್ಪಿನ ಚೀಟಿಯಲ್ಲಿ ಮೊತ್ತ ಬರೆದಿರುತ್ತದೆ, ಕೊನೆಯ ದಿನಾಂಕ ಇರುತ್ತದೆ, ಪಾಲಕರ ಸಹಿಗೆಂದು ಚುಕ್ಕಿಯ ಗೆರೆ ಇರುತ್ತದೆ. ಆ ಚೀಟಿ ಮಡಿಕೆಯ ಮೇಲೆ ಮಡಿಕೆಯಾಗಿ ಕಂಪಾಸ್ ಬಾಕ್ಸಿನ ತಳಕ್ಕೆ ಸೇರುತ್ತದೆ, ಮೇಲೆ ಕೋನಮಾಪಕ ಕೂರುತ್ತದೆ. ಅವ್ವನಿಗೆ ತೋರಿಸಿದರೆ ಆಕೆ ಇಲ್ಲ ಅನ್ನಲಿಕ್ಕಿಲ್ಲ. ಯಾರ ಹತ್ತಿರವೋ ಕೈಗಡ ತಂದಾಳು. ಮಗುವಿಗೆ ಅದೇ ಬೇಡ. ಈ ಸಂತೆಗೆ ಎಷ್ಟು ಪಗಾರ ಬಂತು, ಕಿರಾಣಿ ಅಂಗಡಿಯ ಬಾಕಿ ಎಷ್ಟಿದೆ ಎಂಬುದು ಇಂಥ ಮನೆಯ ಮಕ್ಕಳಿಗೆ ಮಗ್ಗಿಯಷ್ಟೇ ಬಾಯಿಪಾಠ. ದೊಡ್ಡವರು ಒಳಗೊಳಗೇ ಮಾತಾಡಿಕೊಂಡದ್ದು ಹಾಸಿಗೆಯಲ್ಲಿ ಕಣ್ಣು ಮುಚ್ಚಿದ ಮಗುವಿಗೆ ಕೇಳಿಸುವುದಿಲ್ಲ ಎಂಬುದು ಗೃಹಸ್ಥರಾದ ನಮ್ಮೆಲ್ಲರ ಹಳೆಯ ಭ್ರಮೆ.

ಸರ್ಕಾರ ಕೊಡುವುದಿಲ್ಲ ಎಂದು ದೂರುವ ಮಾತಲ್ಲ ಇದು. ಸರ್ಕಾರಿ ಶಾಲೆಯ ಮಗುವಿಗೆ ಇವತ್ತು ಪಠ್ಯಪುಸ್ತಕ, ಸಮವಸ್ತ್ರ, ಬೂಟು-ಸಾಕ್ಸು, ಬಿಸಿಯೂಟ ಇವೆ. 2013ರಿಂದ ಕ್ಷೀರಭಾಗ್ಯದ ಹಾಲಿದೆ. ಈಗ ಮೊಟ್ಟೆ ಅಥವಾ ಬಾಳೆಹಣ್ಣೂ ಇದೆ. ಒಂದು ತಲೆಮಾರಿನ ಹಿಂದೆ ಹರಿದ ಅಂಗಿಯ ಸಂಕೋಚಕ್ಕೆ ಶಾಲೆ ಬಿಟ್ಟವರು ಎಷ್ಟೋ ಜನ. ಆ ಸಂಕೋಚವನ್ನು ಸಮವಸ್ತ್ರ ದೊಡ್ಡ ಪ್ರಮಾಣದಲ್ಲಿ ತೊಡೆದುಹಾಕಿತು. ಆದರೆ ಸಮವಸ್ತ್ರ ವರ್ಷವಿಡೀ ಮರೆಮಾಚಿದ ಅಂತರ ಗ್ಯಾದರಿಂಗಿನ ಸಂಜೆ, ಅದನ್ನು ಕಳಚಿಟ್ಟ ಕೂಡಲೇ, ಝಗಮಗಿಸುವ ಲೈಟಿನ ಕೆಳಗೆ ಎದ್ದು ಕಾಣುತ್ತದೆ. ಡ್ಯಾನ್ಸಿನ ಡ್ರೆಸ್ಸು, ಪ್ರವಾಸದ ವಂತಿಗೆ, ತಾಲೂಕಿಗೆ ಆಡಲು ಹೋಗುವ ಹುಡುಗನ ಚಹಾ-ನಾಷ್ಟಾ ಬಹುತೇಕ ಯಾವ ಯೋಜನೆಯ ತಲೆಬರಹದಡಿಯೂ ಬರುವುದಿಲ್ಲ. ಸಣ್ಣ ಮೊತ್ತಗಳವು. ಕೇಳಲು ಸಂಕೋಚವಾಗುವಷ್ಟು ಸಣ್ಣವು, ಕೊಡಲಾಗದಷ್ಟು ದೊಡ್ಡವು.

ತಾಲೂಕು ಊರುಗಳ ಪೇಟೆಯಲ್ಲಿ ವೇಷದ ಬಟ್ಟೆ ಬಾಡಿಗೆಗೆ ಕೊಡುವ ಒಂದು ಅಂಗಡಿಯಾದರೂ ಇರುತ್ತದೆ. ಪ್ರತಿಭಾ ಕಾರಂಜಿಯ ದಿನಗಳಲ್ಲಿ ಅಲ್ಲಿ ಹೋಗಿ ನಿಂತು ನೋಡಬೇಕು. ಬಂಗಾರದ ಕಾಗದ ಅಂಟಿಸಿದ ರಟ್ಟಿನ ಕಿರೀಟಗಳು ಒಂದರೊಳಗೊಂದು ಕೂತಿರುತ್ತವೆ. ಒನಕೆ ಓಬವ್ವನ ಒನಕೆ ಥರ್ಮಾಕೋಲಿನದು. ಸಂಗೊಳ್ಳಿ ರಾಯಣ್ಣನ ಮೀಸೆಗಳು ಒಂದು ಡಬ್ಬಿಯ ತುಂಬ. ಬೆಳಗಾವಿ ಜಿಲ್ಲೆಯಲ್ಲಿ ಛದ್ಮವೇಷ ಎಂದರೆ ಕಿತ್ತೂರು ಚೆನ್ನಮ್ಮನಿಗೇ ಬೇಡಿಕೆ ಹೆಚ್ಚು; ಆಕೆಯ ಕತ್ತಿಗೆ ಸರದಿ ಹಚ್ಚಬೇಕು. ಬಾಡಿಗೆ ಒಂದು ದಿನದ್ದು, ಅದರ ಮೇಲೆ ಡಿಪಾಜಿಟ್ ಬೇರೆ. ಬಟ್ಟೆ ಹರಿದರೆ, ಮಣಿಸರ ಹರಿದರೆ ಡಿಪಾಜಿಟ್ ವಾಪಸಿಲ್ಲ. ಅಂಗಡಿಯವನದು ತಪ್ಪಲ್ಲ, ಅವನದೂ ಹೊಟ್ಟೆಪಾಡು. ಆದರೆ ಚೆನ್ನಮ್ಮನಾಗಿ ಕುದುರೆ ಏರಿದಂತೆ ಗರ್ಜಿಸಬೇಕಾದ ಹುಡುಗಿ, ಸೆರಗು ಎಲ್ಲಿ ಮೊಳೆಗೆ ಸಿಕ್ಕೀತೋ ಎಂದು ಮೈ ಹಿಡಿಮಾಡಿಕೊಂಡು ನಿಲ್ಲುತ್ತಾಳೆ. ತೀರ್ಪುಗಾರರು ‘ಸಭಾಕಂಪ’ ಎಂದು ಅಂಕ ಕಡಿಮೆ ಮಾಡುತ್ತಾರೆ.

ನಮ್ಮ ಕಡೆ ಕೊಡುಗೈ ಜನಕ್ಕೆ ಬರವಿಲ್ಲ. ಗೋಕಾಕದಲ್ಲಿ ಸತೀಶ ಶುಗರ್ಸ್ ಅವಾರ್ಡ್ಸ್‌ನಂತಹ ದೊಡ್ಡ ವೇದಿಕೆ ಇದೆ. ಹಳ್ಳಿಯ ಮಕ್ಕಳು ದೊಡ್ಡ ಜನಸಾಗರದ ಮುಂದೆ ಹಾಡಿ ಕುಣಿಯುವ ಅವಕಾಶ ಅಲ್ಲಿ ಸಿಕ್ಕಿದೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರವೇ ಸಮಾಜದ ಸಂಘಗಳು, ಸೊಸೈಟಿಗಳು, ಮಠಗಳು ಪ್ರತಿಭಾ ಪುರಸ್ಕಾರ ಇಟ್ಟುಕೊಳ್ಳುತ್ತವೆ. ಶಾಲು, ಹಾರ, ಲಕೋಟೆ, ಫೋಟೊ. ಒಳ್ಳೆಯದೇ. ಆದರೆ ಈ ಕೊಡುಗೆಯೆಲ್ಲ ಹೆಚ್ಚಾಗಿ ಓಟದ ಕೊನೆಯ ಗೆರೆಯ ಬಳಿ ನಿಂತಿರುತ್ತದೆ. ಗೆದ್ದು ಬಂದವರಿಗೆ ಸಿಗುತ್ತದೆ. ಓಟ ಶುರುವಾಗುವ ಕಡೆ, ಹೆಸರು ಕೊಡಲಾರದೆ ನಿಂತವರ ಬಳಿ, ಲಕೋಟೆ ಹಿಡಿದು ನಿಲ್ಲುವವರು ಕಡಿಮೆ. ಅದಕ್ಕೆ ಕಾರಣವೂ ಗೊತ್ತಿದ್ದದ್ದೇ. ಶಾಲೆಗೆ ಫ್ಯಾನು ಕೊಟ್ಟರೆ ರೆಕ್ಕೆಯ ಮೇಲೆ ‘ಇವರ ಸ್ಮರಣಾರ್ಥ’ ಎಂದು ಬರೆಸಬಹುದು, ಕಪಾಟು ಕೊಟ್ಟರೆ ಬಾಗಿಲ ಮೇಲೆ ಬರೆಸಬಹುದು. ಓಡುವ ಹುಡುಗನ ಹಿಮ್ಮಡಿಯ ಮೇಲೆ ಏನು ಬರೆಸುತ್ತೀರಿ?

ಕಲಿಯುವವರಿಗೆ ಆಸರೆಯಾಗುವುದು ಈ ನೆಲಕ್ಕೆ ಹೊಸದೇನಲ್ಲ. 1906ರಲ್ಲಿ ತೀರಿಕೊಂಡ ಸಿರಸಂಗಿ ಲಿಂಗರಾಜ ದೇಸಾಯರು ತಮ್ಮ ಸಂಸ್ಥಾನದ ಆಸ್ತಿಯನ್ನೇ ವಿದ್ಯೆಗೆ ಬಿಟ್ಟುಹೋದರು. ಆ ಟ್ರಸ್ಟಿನ ನೆರವಿನಲ್ಲಿ ಓದಿದವರ ಸಾಲು ದೊಡ್ಡದು. 1932ರಲ್ಲಿ ನಾಗನೂರು ಶಿವಬಸವ ಸ್ವಾಮಿಗಳು ಬೆಳಗಾವಿಯಲ್ಲಿ ಉಚಿತ ಪ್ರಸಾದ ನಿಲಯ ತೆರೆದರು. ಅದಕ್ಕೂ ಹಿಂದೆ ವಾರದ ಒಂದೊಂದು ದಿನ ಒಂದೊಂದು ಮನೆಯಂತೆ ಉಂಡು ಓದುವ ವಾರಾನ್ನದ ಪದ್ಧತಿ ಇತ್ತು. ಗೋಕಾಕ ತಾಲೂಕಿನ ಮಮದಾಪುರದಲ್ಲಿ 1899ರಲ್ಲಿ ಹುಟ್ಟಿದ ಡಿ.ಸಿ. ಪಾವಟೆಯವರು ಕೇಂಬ್ರಿಜ್‌ನಲ್ಲಿ ಗಣಿತ ಓದಿ, ಮುಂದೆ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಯಾಗಿ, ಪಂಜಾಬಿನ ರಾಜ್ಯಪಾಲರಾದದ್ದು ಅಂಥ ಕಾಲದಲ್ಲಿ. ಹಸಿದವನಿಗೆ ಅನ್ನ, ಓದುವವನಿಗೆ ಫೀ ಎಂಬ ಧರ್ಮ ನಮ್ಮ ಹಿರಿಯರಿಗೆ ಚೆನ್ನಾಗಿ ತಿಳಿದಿತ್ತು. ಆಟ, ಹಾಡು, ಪ್ರವಾಸ ಮಾತ್ರ ಅವರ ಲೆಕ್ಕದಲ್ಲಿ ಬರುತ್ತಿರಲಿಲ್ಲ, ಇವತ್ತಿಗೂ ಅನೇಕರ ಲೆಕ್ಕದಲ್ಲಿ ಬರುವುದಿಲ್ಲ. ‘ಓದಾಕ ಕೊಡೂಣು, ಕುಣಿಯಾಕ ಯಾಕ ಕೊಡಬೇಕ್ರಿ?’ ಎಂದು ಕೇಳುವವರು ಕೆಟ್ಟವರೇನಲ್ಲ.

ಅವರಿಗೆ ಹೇಳಬೇಕಾದದ್ದು ಇಷ್ಟು. ಶಾಲೆಯಲ್ಲಿ ಎಲ್ಲ ಮಕ್ಕಳೂ ಗಣಿತದಲ್ಲಿ ಮುಂದಿರುವುದಿಲ್ಲ. ವರ್ಷಪೂರ್ತಿ ಹಿಂದಿನ ಬೆಂಚಿನಲ್ಲಿ ಬೈಸಿಕೊಳ್ಳುವ ಹುಡುಗ ಖೋ-ಖೋ ಅಂಕಣದಲ್ಲಿ ಕಂಬ ಸುತ್ತಿ ಹೊರಳಿದ ಕ್ಷಣದಲ್ಲಿ ಇಡೀ ಶಾಲೆ ಅವನ ಹೆಸರು ಹಿಡಿದು ಕೂಗುತ್ತದೆ. ಮರುದಿನ ಅವನು ತಪ್ಪದೆ ಶಾಲೆಗೆ ಬರುತ್ತಾನೆ, ಬೆಳಗಿನ ಪ್ರಾರ್ಥನೆಗೂ ಮುಂಚೆ. ಹೇಳಿಕೇಳಿ ಇದು ಶ್ರೀಕೃಷ್ಣ ಪಾರಿಜಾತ ಬೆಳೆದ ಸೀಮೆ. ಅದನ್ನು ಆಟವಾಗಿ ರೂಪಿಸಿದ ಕುಲಗೋಡ ತಮ್ಮಣ್ಣನ ಊರು, ಅದಕ್ಕೆ ನಾಡಿನಲ್ಲೆಲ್ಲ ಹೆಸರು ತಂದ ಕೌಜಲಗಿ ನಿಂಗಮ್ಮನ ಊರು ಎರಡೂ ಮೂಡಲಗಿ ಭಾಗದವು. ಸತ್ಯಭಾಮೆಯ ಕೋಪಕ್ಕೆ, ಕೊರವಂಜಿಯ ಮಾತಿಗೆ ಊರಿಗೆ ಊರೇ ಬೆಳತನಕ ಕೂತು ಕೇಳಿದ ಜನ ನಾವು. ಹಾಡಿ ಕುಣಿದವರನ್ನು ದೊಡ್ಡವರೆಂದು ಒಪ್ಪಿದ ಊರುಗಳಲ್ಲೇ ಹಾಡು-ಕುಣಿತ ಮಕ್ಕಳಿಗೆ ಚೈನಿಯ ಬಾಬತ್ತು ಎನ್ನುವುದು ಯಾವ ನ್ಯಾಯ?

ಪ್ರವಾಸದ ಪ್ರಶ್ನೆ ಇನ್ನೂ ತುಸು ತೊಡಕಿನದು. ಮಳೆಗಾಲದಲ್ಲಿ ಘಟಪ್ರಭೆ ಗೋಕಾಕದ ಬಳಿ ಐವತ್ತೆರಡು ಮೀಟರ್ ಎತ್ತರದಿಂದ ಧುಮುಕುವುದನ್ನು ನೋಡಲು ದೂರದೂರದಿಂದ ಬಸ್ಸುಗಳು ಬರುತ್ತವೆ. ಅತ್ತ ಹುಕ್ಕೇರಿ ತಾಲೂಕಿನಲ್ಲಿ ಹಿಡಕಲ್ ಜಲಾಶಯ ಇದೆ, ಇತ್ತ ಮಾರ್ಕಂಡೇಯ ನದಿಯ ಗೊಡಚಿನಮಲ್ಕಿ ಇದೆ. ‘ಹತ್ತಿರದ ಜಾಗಕ್ಕೇ ಕರೆದೊಯ್ದರೆ ಎಲ್ಲರೂ ಬರಬಹುದಲ್ಲ’ ಎಂಬ ಸಲಹೆ ಕೇಳಲು ಚೆನ್ನಾಗಿದೆ. ಕೆಳಗಿನ ತರಗತಿಗಳಿಗೆ ಅದೇ ಸರಿ ಕೂಡ. ಆದರೆ ಬಡವರ ಮಕ್ಕಳಿಗೆ ಹಿಡಕಲ್ ಸಾಕು, ಉಳ್ಳವರ ಮಕ್ಕಳು ಮೈಸೂರು ನೋಡಲಿ ಎಂಬಲ್ಲಿಗೆ ಆ ಮಾತು ಬಂದು ನಿಲ್ಲಬಾರದು. ಉಳ್ಳವರ ಮಗು ಶಾಲೆ ಕರೆದೊಯ್ಯದಿದ್ದರೂ ಅಪ್ಪನ ಕಾರಿನಲ್ಲಿ ಹಂಪಿ ನೋಡುತ್ತದೆ. ಶಾಲೆಯ ಬಸ್ಸು ತಪ್ಪಿದರೆ ಮತ್ತೆ ಬಸ್ಸಿಲ್ಲದ್ದು ಇನ್ನೊಂದು ಮಗುವಿಗೆ. ಕರ್ನಾಟಕ ದರ್ಶನ ಯೋಜನೆಯಡಿ ಸರ್ಕಾರಿ ಶಾಲೆಯ ಒಂದಿಷ್ಟು ಮಕ್ಕಳನ್ನು ಸರ್ಕಾರವೇ ನಾಡು ನೋಡಲು ಕಳಿಸುತ್ತ ಬಂದಿರುವುದು ಈ ಅರಿವಿನಿಂದಲೇ ಇರಬೇಕು. ಆದರೆ ಆಯ್ಕೆ ಎಂದಮೇಲೆ ಅಲ್ಲಿಯೂ ಉಳಿದವರು ಉಳಿಯುತ್ತಾರೆ.

ಇಂಗ್ಲೆಂಡಿನ 1996ರ ಶಿಕ್ಷಣ ಕಾಯ್ದೆಯಲ್ಲಿ ಈ ಬಗ್ಗೆ ಒಂದು ಖಡಕ್ಕಾದ ಕಟ್ಟಳೆ ಇದೆ. ಸರ್ಕಾರದ ಹಣದಲ್ಲಿ ನಡೆಯುವ ಶಾಲೆ, ಶಾಲೆಯ ಅವಧಿಯೊಳಗಿನ ಪ್ರವಾಸಕ್ಕೆ ಪಾಲಕರನ್ನು ಮನಸಾರೆ ಕೊಡಿ ಎಂದು ಕೇಳಬಹುದು. ಇಷ್ಟೇ ಕೊಡಬೇಕು ಎಂದು ವಸೂಲು ಮಾಡುವಂತಿಲ್ಲ. ಕೊಡದವರ ಮಗುವನ್ನು ಬಿಟ್ಟುಹೋಗುವಂತಿಲ್ಲ. ಹಣ ಕೂಡದಿದ್ದರೆ ಪ್ರವಾಸವೇ ರದ್ದು. ಹೋದರೆ ಎಲ್ಲರೂ, ಇಲ್ಲದಿದ್ದರೆ ಯಾರೂ ಇಲ್ಲ. ನಮ್ಮಲ್ಲಿ ಹಾಗೆ ಕಾನೂನು ಮಾಡಿದರೆ ಎಷ್ಟೋ ಶಾಲೆಗಳ ಪ್ರವಾಸ ನಿಂತೇಹೋದೀತು ಎಂಬ ಅಂಜಿಕೆ ನನಗೂ ಇದೆ. ಆದರೆ ಕಾನೂನಿನ ಹಿಂದಿರುವ ನಡೆ ಕಾನೂನಿಲ್ಲದೆಯೂ ನಮ್ಮದಾಗಬಹುದು: ತಲಾ ಇಷ್ಟು ಎಂದು ಹೇಳಿ ಆಮೇಲೆ ಬಾರದವರನ್ನು ಎಣಿಸುವ ಬದಲು, ಇಡೀ ತರಗತಿಗೆ ಎಷ್ಟು ಬೇಕು ಎಂದು ಮೊದಲು ಲೆಕ್ಕ ಹಾಕಿ, ಕೊಡಬಲ್ಲವರು ತುಸು ಹೆಚ್ಚು ಕೊಡುವುದು. ಮದುವೆ ಮನೆಯಲ್ಲಿ ಮುಯ್ಯಿ ಹೀಗೇ ಅಲ್ಲವೇ ನಡೆಯುವುದು? ಯಾರ ಲಕೋಟೆಯಲ್ಲಿ ಎಷ್ಟಿತ್ತು ಎಂದು ನೋಡಿ ಯಾರೂ ಊಟಕ್ಕೆ ಬಡಿಸುವುದಿಲ್ಲ.

ಎಷ್ಟೋ ಸಲ ಬಡತನಕ್ಕಿಂತ ತೇದಿಯೇ ಮಕ್ಕಳನ್ನು ತಡೆಯುತ್ತದೆ. ಕೂಲಿಯ ಮನೆಗಳಿಗೆ ದುಡ್ಡು ಬರುವುದು ವಾರಕ್ಕೊಮ್ಮೆ, ಸಂತೆಯ ದಿನ. ಚೀಟಿಯ ಕೊನೆಯ ದಿನಾಂಕ ಸಂತೆಯ ಹಿಂದಿನ ದಿನ ಬಿದ್ದರೆ ಆ ಮನೆಯಲ್ಲಿ ಆ ಹೊತ್ತಿಗೆ ಇರುವುದು ಚಿಲ್ಲರೆ ಮಾತ್ರ. ಅದೇ ದಿನಾಂಕ ಎರಡು ದಿನ ಮುಂದೆ ಹೋದರೆ ಕೆಲವು ಹೆಸರುಗಳು ತಾವಾಗಿಯೇ ಪಟ್ಟಿಗೆ ಬರುತ್ತವೆ. ಒಂದೇ ಸಲಕ್ಕೆ ಕೊಡಿ ಎನ್ನುವುದರ ಬದಲು ಜುಲೈಯಿಂದಲೇ ಸಂತೆಗೊಮ್ಮೆ ಸ್ವಲ್ಪ ಸ್ವಲ್ಪ ಕಟ್ಟಿಸಿಕೊಂಡರೆ ಇನ್ನೂ ಕೆಲವು ಬಂದಾವು. ಕೂಡಿ ದುಡ್ಡು ಕಟ್ಟುವ ಭಿಶಿ ಹಾಕಿ ರೂಢಿಯಿರುವ ನಮ್ಮ ಹೆಣ್ಣುಮಕ್ಕಳಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಕಬ್ಬಿನ ಹಂಗಾಮಿನ ಸಂಗತಿಯೂ ಇದೆ. ಟ್ರಿಪ್ಪು, ಗ್ಯಾದರಿಂಗು ಎರಡೂ ಬರುವುದು ಡಿಸೆಂಬರ್, ಜನವರಿಯಲ್ಲಿ, ಕಟಾವು ಭರದಲ್ಲಿರುವಾಗ. ವಿಜಯಪುರದ ಕಡೆಯಿಂದ, ಮಹಾರಾಷ್ಟ್ರದಿಂದ ಬಂದ ಗ್ಯಾಂಗಿನವರ ಮಕ್ಕಳು ಗದ್ದೆಯ ಬದುವಿನ ಗುಡಿಸಲುಗಳಲ್ಲಿ ತಮ್ಮ ತಂಗಿ-ತಮ್ಮಂದಿರನ್ನು ಎತ್ತಿಕೊಂಡು ಕೂತಿರುತ್ತಾರೆ. ಸುತ್ತಲಿನ ಶಾಲೆಗಳ ಹಾಜರಿ ಪುಸ್ತಕದಲ್ಲೇ ಅವರಲ್ಲಿ ಎಷ್ಟೋ ಮಕ್ಕಳ ಹೆಸರಿರುವುದಿಲ್ಲ. ಗ್ಯಾದರಿಂಗಿನ ರಾತ್ರಿ ಮೈಕಿನ ಹಾಡು ಮಾತ್ರ ಅವರ ಗುಡಿಸಲಿನವರೆಗೂ ಕೇಳಿಸುತ್ತದೆ. ಸಂಜೆ ಅವರನ್ನೂ ಕರೆದು ಮುಂದಿನ ಸಾಲಿನಲ್ಲಿ ಕೂರಿಸಲು ದುಡ್ಡೇನೂ ಬೇಕಾಗಿಲ್ಲ.

ಕೊಡುವ ರೀತಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ‘ಬಡ ಮಕ್ಕಳು ಎದ್ದು ನಿಲ್ಲಿರಿ, ಇವರು ನಿಮ್ಮ ಡ್ರೆಸ್ಸಿನ ಖರ್ಚು ಕೊಡುತ್ತಾರೆ’ ಎಂದು ಕರೆಸಿ ಕೊಟ್ಟರೆ, ಕಂಪಾಸ್ ಬಾಕ್ಸಿನಲ್ಲಿ ಚೀಟಿ ಮುಚ್ಚಿಟ್ಟ ಮಗು ಇನ್ನೂ ಆಳಕ್ಕೆ ಮುಚ್ಚಿಡುತ್ತದೆ. ಶಾಲೆಯಲ್ಲೇ ಒಂದು ಟ್ರಂಕು ಇರಲಿ. ನಮ್ಮ ಮನೆಗಳಲ್ಲಿ ಉಡದೆ ಮಡಚಿಟ್ಟ ಇಳಕಲ್ ಸೀರೆ, ಖಣದ ಕುಪ್ಪಸ, ಧೋತರ, ಪಟಕ, ಮದುವೆಗೆ ಹೊಲಿಸಿ ಒಂದೇ ದಿನ ತೊಟ್ಟ ಮಕ್ಕಳ ಶೇರ್ವಾನಿ ಎಲ್ಲ ಅದರೊಳಗೆ ಬರಲಿ. ಎಲ್ಲ ಮಕ್ಕಳೂ ಅದರಿಂದಲೇ ತೊಡಲಿ, ಡಾಕ್ಟರರ ಮಗಳೂ, ಹಮಾಲರ ಮಗಳೂ. ಟ್ರಂಕಿನ ಬಟ್ಟೆ ಎಲ್ಲರದ್ದಾದರೆ ಯಾರದು ಬಡತನ ಎಂಬುದು ಯಾರಿಗೂ ಕಾಣುವುದಿಲ್ಲ. ಜಾಣ ಶಿಕ್ಷಕಿಯರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಖರ್ಚಿಲ್ಲದ್ದನ್ನೇ ಆರಿಸುತ್ತಾರೆ: ಕೋಲಾಟ, ಲೇಜೀಮು, ಹಂತಿ ಪದ, ಬೀಸುವ ಪದ. ಲೇಜೀಮು ಶಾಲೆಯದೇ, ಉಡುಗೆ ಸಮವಸ್ತ್ರವೇ. ಹೊಸ ಸಿನಿಮಾದ ಹಾಡಿಗೆ ಹೊಳೆಯುವ ಬಟ್ಟೆ ಬೇಕು. ಬೀಸುವ ಪದಕ್ಕೆ ಅಜ್ಜಿಯ ಸೀರೆ ಸಾಕು, ಹಾಡು ಕಲಿಸಲು ಅಜ್ಜಿಯೇ ಬಂದಾಳು. ಸಿನಿಮಾ ಹಾಡಿನ ಮೇಲೆ ನನಗೆ ಮುನಿಸಿಲ್ಲ, ಮಕ್ಕಳಿಗೆ ಅದೂ ಬೇಕು. ಎಲ್ಲ ಐಟಮ್ಮೂ ಅದೇ ಆಗುವುದು ಬೇಡ ಎಂದಷ್ಟೇ.

ಕೂಡಿ ಮಾಡುವುದು ನಮಗೆ ಬಾರದ ವಿದ್ಯೆಯೇನಲ್ಲ. ಮನೆಮನೆಗೆ ಕರೆಂಟು ಕೊಡುವ ಕೆಲಸವನ್ನೇ 1969ರಿಂದ ಸಹಕಾರ ಸಂಘ ಕಟ್ಟಿಕೊಂಡು ನಡೆಸುತ್ತ ಬಂದ ತಾಲೂಕು ಹುಕ್ಕೇರಿ. ತಾಲೂಕು ಆಗುವ ಎಷ್ಟೋ ಮುಂಚೆಯೇ ಶೈಕ್ಷಣಿಕ ವಲಯವಾಗಿ ಹತ್ತನೆಯ ತರಗತಿಯ ಫಲಿತಾಂಶಕ್ಕೆ ಮಾತಾದದ್ದು ಮೂಡಲಗಿ. ಇತ್ತೀಚಿನ ವರ್ಷಗಳಲ್ಲಿ ಹಳೆಯ ವಿದ್ಯಾರ್ಥಿಗಳ ಗುರುವಂದನೆ ಊರೂರಲ್ಲಿ ನಡೆಯುತ್ತಿದೆ. ಇಂಥ ವರ್ಷದ ಬ್ಯಾಚು ಎಂದು ವಾಟ್ಸಾಪ್ ಗುಂಪು ಕಟ್ಟಿ, ಬೆಂಗಳೂರು, ಪುಣೆಯಿಂದ ಬಂದು, ಮುಪ್ಪಾದ ಗುರುಗಳಿಗೆ ಶಾಲು ಹೊದಿಸಿ ಕಣ್ಣೀರು ಹಾಕುತ್ತಾರೆ. ನೋಡಲು ಚೆಂದ. ಊರ ಅಗಸಿಯಿಂದ ಶಾಲೆಯ ಗೇಟಿನವರೆಗೆ ಕಟ್ಟಿದ ಫ್ಲೆಕ್ಸುಗಳಲ್ಲಿ ಎರಡು ಕಡಿಮೆ ಕಟ್ಟಿದರೂ ಗುರುಗಳ ಗೌರವಕ್ಕೆ ಕುಂದು ಬರಲಿಕ್ಕಿಲ್ಲ; ಆ ದುಡ್ಡಿನಲ್ಲಿ ಮೂರು ನಾಲ್ಕು ಮಕ್ಕಳ ಕೈ ಮೇಲೆದ್ದೀತು. ಆ ಬ್ಯಾಚಿನಲ್ಲೂ ಅಂದು ಟ್ರಿಪ್ಪಿಗೆ ಹೆಸರು ಕೊಡದವರಿದ್ದರು. ಯಾರ್‍ಯಾರೆಂದು ಗೆಳೆಯರಿಗೆ ಇಂದಿಗೂ ನೆನಪಿರುತ್ತದೆ, ಗ್ರೂಪ್ ಫೋಟೊದಲ್ಲಿ ಅವರಿಲ್ಲವಲ್ಲ.

ಇದನ್ನೆಲ್ಲ ಕೂತು ಮಾತಾಡಲು ಪ್ರತಿ ಸರ್ಕಾರಿ ಶಾಲೆಗೂ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಇದೆ, ಪಾಲಕರೇ ಅದರ ಸದಸ್ಯರು. ಸಭೆಯಲ್ಲಿ ಕಂಪೌಂಡು, ಕೊಠಡಿ, ಬೋರವೆಲ್ಲಿನ ಮಾತು ಮುಗಿದ ಮೇಲೆ ಹತ್ತು ನಿಮಿಷ ಇದಕ್ಕೂ ಮೀಸಲಿಡಬಹುದು. ಹೋದ ವರ್ಷ ಯಾವ ಮಕ್ಕಳು ಯಾವುದಕ್ಕೂ ಹೆಸರು ಕೊಡಲಿಲ್ಲ ಎಂಬ ಪಟ್ಟಿ ಮಾಡುವುದು ವರ್ಗದ ಶಿಕ್ಷಕರಿಗೆ ಒಂದು ಗಳಿಗೆಯ ಕೆಲಸ. ಆ ಪಟ್ಟಿ ಸಭೆಯಲ್ಲಿ ಗಟ್ಟಿಯಾಗಿ ಓದುವುದಕ್ಕಲ್ಲ, ಹೆಡ್‌ಮಾಸ್ತರರ ಡ್ರಾವರಿನಲ್ಲಿ ಇರುವುದಕ್ಕೆ.

ಗ್ಯಾದರಿಂಗಿಗಿಂತ ಮುಂಚೆ, ಮಳೆ ತಗ್ಗುವ ಹೊತ್ತಿಗೆ, ಕ್ರೀಡಾಕೂಟಗಳು ಬರುತ್ತವೆ. ಮೊದಲು ವಲಯ ಮಟ್ಟ, ಗೆದ್ದರೆ ತಾಲೂಕು, ಅಲ್ಲಿಂದ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದಮೇಲೆ ಹೆಣ್ಣುಮಕ್ಕಳ ಕಬಡ್ಡಿ ತಂಡ ಆಧಾರ ಕಾರ್ಡು ಹಿಡಿದು ಸರ್ಕಾರಿ ಬಸ್ಸು ಹತ್ತಿದರೆ ಚಾರ್ಜಿನ ಚಿಂತೆ ಇಲ್ಲ. ಗಂಡುಹುಡುಗರ ಬಸ್ ಪಾಸು ಮಾತ್ರ ಮನೆಯಿಂದ ಶಾಲೆಯವರೆಗಿನದು, ಅದರಾಚೆಗೆ ಟಿಕೆಟ್ ತೆಗೆಯಬೇಕು. ಎಷ್ಟೋ ಕಡೆ ದೈಹಿಕ ಶಿಕ್ಷಕರೇ ಜೇಬಿನಿಂದ ಕೊಟ್ಟು, ದಾರಿಯಲ್ಲಿ ಉಪ್ಪಿಟ್ಟು ತಿನ್ನಿಸಿ, ಸಂಜೆ ಒಬ್ಬೊಬ್ಬರನ್ನೇ ಮನೆ ಮುಟ್ಟಿಸಿ ಬರುತ್ತಾರೆ, ಯಾರಿಗೂ ಹೇಳುವುದಿಲ್ಲ. ನಿಮ್ಮೂರ ಶಾಲೆಯ ಪಿ.ಟಿ. ಮಾಸ್ತರರು ಸಂಜೆ ಚಹಾದಂಗಡಿಯ ಬಳಿ ಸಿಕ್ಕರೆ, ‘ಈ ಸಲ ಹುಡುಗರು ಎಷ್ಟು ಮಂದಿ ಹೊಂಟಾರ್ರಿ ಸರ, ಹೋಗಿಬರೂ ಚಾರ್ಜ್ ಎಷ್ಟಾಕ್ಕೈತಿ?’ ಎಂದು ಕೇಳಿ ನೋಡಿ.